ಚಿಪ್ ಮೇಲೆ ಮ್ಯಾಗ್ನೆಟಿಕ್ ಮಣಿ ಓಡಿಸ್ಬೇಕು, ಫೀಲ್ಡ್ ಇದೆ ಆದ್ರೆ ಮಣಿ ಜಾಗ ಬಿಟ್ಟು ಕದಲ್ತಿಲ್ಲ. ಹಾಸನ, ಚಿಕ್ಕಮಗಳೂರು ಕಡೆ ಯಾರಿಗಾದ್ರೂ ಗೊತ್ತಾ?

ಹೇಮಾವತಿ_ಹುಡುಗ

ಎಲ್ರಿಗೂ ನಮಸ್ಕಾರ. ಹಾಸನದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ, ಎಲೆಕ್ಟ್ರಾನಿಕ್ಸ್. ನಮ್ಮ ಪ್ರಾಜೆಕ್ಟ್ ಏನಪ್ಪಾ ಅಂದ್ರೆ ನೀರಲ್ಲಿ ತೇಲೋ ಸಣ್ಣ ಮ್ಯಾಗ್ನೆಟಿಕ್ ಮಣಿಗಳನ್ನ (2.8 ಮೈಕ್ರಾನ್ ಅಗಲ, ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಪಾಲು) ಒಂದು ಚಿಪ್ ಮೇಲೆ ನಮಗೆ ಬೇಕಾದ ಕಡೆಗೆ ನಡೆಸೋದು. ಎಡಕ್ಕೆ ಅಂದ್ರೆ ಎಡಕ್ಕೆ, ಬಲಕ್ಕೆ ಅಂದ್ರೆ ಬಲಕ್ಕೆ. ಮುಂದೆ ಯಾವತ್ತಾದ್ರೂ ಒಂದು ಹನಿ ರಕ್ತದಲ್ಲಿ ಕಾಯಿಲೆ ಹುಡುಕೋ ಚಿಪ್ ಮಾಡೋಕೆ ಇದೇ ಮೊದಲ ಮೆಟ್ಟಿಲು ಅಂತ ನಾನು ತುಂಬಾ ಆಸೆ ಇಟ್ಕೊಂಡು ತಗೊಂಡಿದ್ದು.

ನಾನು ಮಾಡಿರೋದು: 5 ಸೆಂ.ಮೀ ರೇಡಿಯಸ್‌ದು ಎರಡು ಕಾಯಿಲ್, ಒಂದೊಂದಕ್ಕೂ 200 ಸುತ್ತು, ಪುಸ್ತಕದಲ್ಲಿ ಇರೋ ಹಾಗೆ ಹೆಲ್ಮ್‌ಹೋಲ್ಟ್ಸ್ ಜೋಡಿ. ಮಧ್ಯೆ ಗ್ಲಾಸ್ ಸ್ಲೈಡ್, ಅದರ ಮೇಲೆ ಒಂದು ಹನಿ. 2 ಆಂಪಿಯರ್ ಬಿಟ್ರೆ ಫೀಲ್ಡ್ (ಕಾಂತಕ್ಷೇತ್ರ) ಅಳೆಯೋ ಹಾಲ್ ಸೆನ್ಸರ್ ಸರಿಯಾಗಿ 7 ಮಿಲಿಟೆಸ್ಲಾ ತೋರಿಸುತ್ತೆ. ಆದ್ರೆ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಮಣಿಗಳು ಒಂದರ ಹಿಂದೆ ಒಂದು ಸೇರಿ ಸರ ಆಗ್ತವೆ, ಸರ ಫೀಲ್ಡ್ ದಿಕ್ಕಿಗೆ ತಿರುಗುತ್ತೆ, ಅಷ್ಟೇ. ಒಂದು ಮೈಕ್ರಾನೂ ಮುಂದೆ ಹೋಗಲ್ಲ. ಅದೇ ಮನೇಲಿರೋ ಹಳೇ ಸ್ಪೀಕರ್ ಮ್ಯಾಗ್ನೆಟ್ ಕೈಯಲ್ಲಿ ಹಿಡಿದು ಪಕ್ಕಕ್ಕೆ ತಂದ್ರೆ ಎಲ್ಲಾ ಒಟ್ಟಿಗೆ ಓಡಿ ಬರ್ತವೆ. ಮೂರು ವಾರ ಆಯ್ತು. ಆಂಪಿಯರ್ ಜಾಸ್ತಿ ಮಾಡ್ಲಾ? ಸುತ್ತು ಜಾಸ್ತಿ ಮಾಡ್ಲಾ?

ಮೂಡಿಗೆರೆ_ಮಳೆ

ಸುತ್ತು 2000 ಮಾಡಿದ್ರೂ ಕದಲಲ್ಲ.

ಸಕಲೇಶಪುರ_ಸರ್ಕ್ಯೂಟ್

ಮೇಲಿನೋರು ಹೇಳಿದ್ದು ನಿಜ ಆದ್ರೆ ಯಾಕೆ ಅಂತ ಹೇಳದೇ ಹೋದ್ರೆ ಹುಡುಗನಿಗೆ ಏನು ಪ್ರಯೋಜನ? ನೋಡು ತಮ್ಮ, ಹೆಲ್ಮ್‌ಹೋಲ್ಟ್ಸ್ ಜೋಡಿ ಇರೋದೇ ಮಧ್ಯದಲ್ಲಿ ಎಲ್ಲಾ ಕಡೆ ಒಂದೇ ಸಮ ಫೀಲ್ಡ್ ಕೊಡೋಕೆ. ಒಂದೇ ಸಮ ಫೀಲ್ಡಲ್ಲಿ ಮಣಿಯ ಉತ್ತರ ತುದಿನ ಎಷ್ಟು ಬಲವಾಗಿ ಒಂದ್ಕಡೆ ಎಳೆಯುತ್ತೋ ದಕ್ಷಿಣ ತುದಿನ ಅಷ್ಟೇ ಬಲವಾಗಿ ಇನ್ನೊಂದ್ಕಡೆ ಎಳೆಯುತ್ತೆ. ಲೆಕ್ಕ ಸೊನ್ನೆ. ತಿರುಗುತ್ತೆ, ಚಲಿಸಲ್ಲ. ದಿಕ್ಸೂಚಿ ಮುಳ್ಳು ಉತ್ತರಕ್ಕೆ ತಿರುಗಿ ನಿಲ್ಲುತ್ತೆ ತಾನೇ, ಉತ್ತರಕ್ಕೆ ಓಡಿ ಹೋಗುತ್ತಾ?

ಓಡಿಸ್ಬೇಕು ಅಂದ್ರೆ ಗ್ರೇಡಿಯೆಂಟ್ ಬೇಕು, ಅಂದ್ರೆ ಫೀಲ್ಡಲ್ಲಿ ಇಳಿಜಾರು. ಕೆರೆ ತುಂಬಿ ಕೋಡಿ ಹತ್ರ ಬಂದಿದೆ ಅಂತ ನೀರು ತಾನಾಗೇ ಎದುರು ಗುಡ್ಡದ ಗದ್ದೆಗೆ ಹೋಗಲ್ಲ, ಕಾಲುವೆ ಇಳಿಜಾರಿಗೆ ತೆಗೆದಿರ್ಬೇಕು. ನಿನ್ನ ಸ್ಪೀಕರ್ ಮ್ಯಾಗ್ನೆಟ್ ಹತ್ರ ಫೀಲ್ಡ್ ಜೋರು, ದೂರ ಹೋದಂಗೆ ಸಪ್ಪೆ, ಅದೇ ಇಳಿಜಾರು. ಅದಕ್ಕೇ ಅಲ್ಲಿ ಓಡ್ತಾವೆ.

ಸಾಲಗಾಮೆ_ರಸ್ತೆ

ಕಾಯಿಲ್, ತಿರುಗೋದು ಅಂದಾಗ ನೆನಪಾಯ್ತು, ಸ್ವಲ್ಪ ಬೇರೆ ವಿಷಯ ಕ್ಷಮಿಸಿ. ನಮ್ಮ ಹಾಸನದಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಉಪಗ್ರಹಗಳನ್ನ ನೋಡ್ಕೋತಾ ಇದೆ. ಎಷ್ಟೋ ಉಪಗ್ರಹಗಳಲ್ಲಿ ಮ್ಯಾಗ್ನೆಟಿಕ್ ಟಾರ್ಕರ್ ಅಂತ ಕಾಯಿಲ್ ಇರ್ತವೆ, ಕರೆಂಟ್ ಬಿಟ್ರೆ ಭೂಮಿಯ ಫೀಲ್ಡಿಗೆ ತಾಗಿ ಉಪಗ್ರಹ ನಿಧಾನಕ್ಕೆ ತಿರುಗುತ್ತೆ. ತಿರುಗುತ್ತೆ ಅಷ್ಟೇ, ಜಾಗ ಬದಲಾಯಿಸೋಕೆ ಥ್ರಸ್ಟರೇ ಬೇಕು, ಯಾಕಂದ್ರೆ ಉಪಗ್ರಹದ ಅಳತೆಗೆ ಭೂಮಿಯ ಫೀಲ್ಡ್ ಒಂದೇ ಸಮ ಇದ್ದಂಗೆ. ನಿನ್ನ ಮಣಿ ಕಥೆನೂ ಅದೇ.

ಹೇಮಾವತಿ_ಹುಡುಗ

ಅಯ್ಯೋ ಸರ್, ಸಾಲಗಾಮೆ ರಸ್ತೆಲೇ ದಿನಾ ಓಡಾಡೋದು ನಾನು, ಆ ದೊಡ್ಡ ಆಂಟೆನಾ ನೋಡ್ಕೊಂಡೇ ಕಾಲೇಜಿಗೆ ಹೋಗೋದು. ಈಗ ಅರ್ಥ ಆಯ್ತು. ಹಾಗಾದ್ರೆ ಮೂರು ವಾರ ಸುತ್ತಿದ ಕಾಯಿಲ್ ಕಿತ್ತು ಬಿಸಾಕ್ಲಾ?

ಸಕಲೇಶಪುರ_ಸರ್ಕ್ಯೂಟ್

ಬಿಸಾಕಬೇಡ!! ಅದು ಬೇಕಾಗುತ್ತೆ, ಆಮೇಲೆ ಹೇಳ್ತೀನಿ. ಈಗ ಹೊರಗೆ ಹೋಗ್ತಿದೀನಿ.

ಬೇಲೂರು_ಶಿಲೆ

ಕೆರೆ ಕಾಲುವೆ ಹೋಲಿಕೆ ಚೆನ್ನಾಗಿದೆ ಆದ್ರೆ ಅರ್ಧ. ಬಲ ಬರೀ ಇಳಿಜಾರಿನ ಮೇಲೆ ನಿಂತಿಲ್ಲ. ಈ ಮಣಿ ಪರ್ಮನೆಂಟ್ ಮ್ಯಾಗ್ನೆಟ್ ಅಲ್ಲ, ಹೊರಗಿನ ಫೀಲ್ಡ್ ಇದ್ದಾಗ ಮಾತ್ರ ಮ್ಯಾಗ್ನೆಟ್ ಆಗೋದು. ಹಾಗಾಗಿ ಬಲ ಅಂದ್ರೆ ಫೀಲ್ಡ್ ಗುಣಿಸು ಇಳಿಜಾರು, ಮಣಿಯ ಗಾತ್ರ ಗುಣಿಸು ಅದರ ಸಸೆಪ್ಟಿಬಿಲಿಟಿ (ಎಷ್ಟು ಸುಲಭವಾಗಿ ಮ್ಯಾಗ್ನೆಟ್ ಆಗುತ್ತೆ ಅನ್ನೋ ಅಳತೆ). ಫೀಲ್ಡ್, ಇಳಿಜಾರು ಎರಡರಲ್ಲಿ ಒಂದು ಸೊನ್ನೆ ಆದ್ರೂ ಏನೂ ಆಗಲ್ಲ.

ಅರಸೀಕೆರೆ_ತೆಂಗು

ಒಂದು ಸಾಮಾನ್ಯ ಪ್ರಶ್ನೆ. ಕಬ್ಬಿಣದ ಪುಡಿನೇ ಹಾಕಿದ್ರೆ ಆಗಲ್ವಾ, ಈ ಮಣಿಗೆ ಯಾಕೆ ಅಷ್ಟು ದುಡ್ಡು?

ಲ್ಯಾಬ್_ಅಕ್ಕ

ನಾನು ಡಯಾಗ್ನೋಸ್ಟಿಕ್ ಲ್ಯಾಬಲ್ಲಿ ಕೆಲಸ ಮಾಡೋಳು, ಇದಕ್ಕೆ ಉತ್ತರ ನಾನು ಕೊಡ್ತೀನಿ. 2020ರಲ್ಲಿ ಕೋವಿಡ್ ಟೆಸ್ಟ್ ಮಾಡುವಾಗ ಆರ್‌ಎನ್‌ಎ ಬೇರ್ಪಡಿಸೋಕೆ ನಾವು ದಿನಾ ಬಳಸ್ತಿದ್ದದ್ದು ಇಂಥ ಮ್ಯಾಗ್ನೆಟಿಕ್ ಮಣಿಗಳನ್ನೇ. ಟ್ಯೂಬ್ ತುಂಬಾ ಕಾಫಿ ಡಿಕಾಕ್ಷನ್ ಬಣ್ಣದ ದ್ರವ ಇರುತ್ತೆ, ಮ್ಯಾಗ್ನೆಟ್ ಇರೋ ಸ್ಟ್ಯಾಂಡಿಗೆ ಇಟ್ರೆ ಒಂದೆರಡು ನಿಮಿಷದಲ್ಲಿ ಅಷ್ಟೂ ಕಂದು ಬಣ್ಣ ಒಂದು ಗೋಡೆಗೆ ಹತ್ಕೊಂಡು ಉಳಿದದ್ದು ತಿಳಿನೀರಾಗುತ್ತೆ. ಆರ್‌ಎನ್‌ಎ ಮಣಿಗೆ ಅಂಟಿರುತ್ತೆ, ಕೊಳೆ ನೀರು ಚೆಲ್ಲಿ ಎಥನಾಲ್ ಹಾಕಿ ತೊಳೆದು ಕೊನೆಗೆ ಬಿಡಿಸ್ಕೊಳ್ಳೋದು.

ಕಬ್ಬಿಣದ ಪುಡಿ ಯಾಕೆ ಆಗಲ್ಲ ಅಂದ್ರೆ ಅದು ಒಂದ್ಸಲ ಮ್ಯಾಗ್ನೆಟ್ ಹತ್ರ ಬಂದ್ರೆ ತಾನೂ ಮ್ಯಾಗ್ನೆಟ್ ಆಗಿ ಉಳ್ಕೊಂಡ್ಬಿಡುತ್ತೆ, ಮ್ಯಾಗ್ನೆಟ್ ತೆಗೆದ ಮೇಲೂ ಒಂದಕ್ಕೊಂದು ಗಂಟು ಹಾಕ್ಕೊಂಡು ಬಿಡಲ್ಲ. ನಮ್ಮ ಮಣಿ ಒಳಗೆ ಪ್ಲಾಸ್ಟಿಕ್ ಇದೆ, ಆ ಪ್ಲಾಸ್ಟಿಕ್ ಒಳಗೆ ಹತ್ತು ನ್ಯಾನೋಮೀಟರ್ ಆಸುಪಾಸಿನ ಐರನ್ ಆಕ್ಸೈಡ್ ಕಣಗಳು, ಹೋಳಿಗೆ ಹೂರಣದಲ್ಲಿ ಗಸಗಸೆ ಇದ್ದಂಗೆ ಹರಡಿರ್ತವೆ. ಕಣ ಅಷ್ಟು ಸಣ್ಣದಾದಾಗ ಕೋಣೆಯ ಬಿಸಿಯೇ ಅದರ ದಿಕ್ಕನ್ನ ಪದೇ ಪದೇ ಅಲ್ಲಾಡಿಸ್ತಾ ಇರುತ್ತೆ, ಹಾಗಾಗಿ ಫೀಲ್ಡ್ ತೆಗೆದ ಕ್ಷಣ ಮರೆತುಬಿಡುತ್ತೆ. ಸೂಪರ್‌ಪ್ಯಾರಾಮ್ಯಾಗ್ನೆಟಿಕ್ ಅಂತಾರೆ. ಆ ಮರೆವೇ ಅದರ ದೊಡ್ಡ ಗುಣ.

ಇನ್ನೊಂದು, ಎಲ್ಲಾ ಮಣಿಯೂ ಒಂದೇ ಅಳತೆ ಇರ್ಬೇಕು, ಅದು ಸುಲಭ ಅಲ್ಲ. ನಾರ್ವೆಯ ಜಾನ್ ಉಗೆಲ್‌ಸ್ಟಾಡ್ ಅಂತ ವಿಜ್ಞಾನಿ 1970ರ ದಶಕದ ಕೊನೆಗೆ ಒಂದೇ ಗಾತ್ರದ ಪ್ಲಾಸ್ಟಿಕ್ ಮಣಿ ಮಾಡೋ ದಾರಿ ಕಂಡುಹಿಡಿದ್ರು. ಆಗ ಅದನ್ನ ಬಾಹ್ಯಾಕಾಶದಲ್ಲಿ, ತೂಕ ಇಲ್ಲದ ಕಡೆ ಮಾತ್ರ ಮಾಡೋಕಾಗೋದು ಅಂತ ನಂಬಿದ್ರು. ಅವರ ಮಣಿಗಳೇ ಇವತ್ತಿನ ಡೈನಾಬೀಡ್ಸ್. ದುಡ್ಡು ಅದಕ್ಕೆ.

ಕಳಸ_ಕುದುರೆಮುಖ

ಕಬ್ಬಿಣ ಅಂದಮೇಲೆ ನಾನು ಬಾಯಿ ಬಿಡಲೇಬೇಕು. ನಾನು ಬೆಳೆದಿದ್ದು ಕುದುರೆಮುಖ ಟೌನ್‌ಶಿಪ್‌ನಲ್ಲಿ, ಅಪ್ಪ ಗಣಿಯಲ್ಲಿ ಕೆಲಸ. ಅಲ್ಲಿ ಸಿಗ್ತಿದ್ದದ್ದು ಮ್ಯಾಗ್ನೆಟೈಟ್ ಅಂತ ಮ್ಯಾಗ್ನೆಟ್‌ಗೆ ಅಂಟೋ ಕಬ್ಬಿಣದ ಅದಿರು, ಅದರಲ್ಲಿ ಕಬ್ಬಿಣ ಕಮ್ಮಿ, ಹಾಗಾಗಿ ನುಣ್ಣಗೆ ಅರೆದು ನೀರಲ್ಲಿ ಕಲಸಿ ಮ್ಯಾಗ್ನೆಟ್‌ನಿಂದ ಬೇರೆ ಮಾಡಿ, ಆ ಕೆಸರನ್ನ 67 ಕಿಲೋಮೀಟರ್ ಪೈಪಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸ್ತಿದ್ರು. ಮ್ಯಾಗ್ನೆಟ್ ಡ್ರಮ್ ಅಂದ್ರೆ ಹೊರಗಿನ ಸಿಲಿಂಡರ್ ತಿರುಗುತ್ತೆ, ಒಳಗೆ ಮ್ಯಾಗ್ನೆಟ್‌ಗಳು ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಅಂತ ಜೋಡಿಸಿ ನಿಲ್ಲಿಸಿರ್ತಾರೆ. ಕಪ್ಪು ಪುಡಿ ಡ್ರಮ್ಮಿಗೆ ರೋಮದ ಥರ ಎದ್ದು ನಿಂತು ಹತ್ಕೊಂಡು ಬರುತ್ತೆ, ಮ್ಯಾಗ್ನೆಟ್ ಮುಗಿದ ಜಾಗ ಬಂದ ತಕ್ಷಣ ಉದುರುತ್ತೆ. ಈಗ ಯೋಚನೆ ಮಾಡಿದ್ರೆ ಆ ಉತ್ತರ ದಕ್ಷಿಣ ಆಟ ಇಟ್ಟಿದ್ದೇ ಇಳಿಜಾರು ಕಡಿದಾಗಿರಲಿ ಅಂತ. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಗಣಿ ನಿಂತುಹೋಯ್ತು.

ಮೂಡಿಗೆರೆ_ಮಳೆ

ನಿಂತಿದ್ದು ಒಳ್ಳೇದಾಯ್ತು. ಭದ್ರಾ ನೀರು ಕೆಂಪಾಗಿ ಹರಿಯೋದು ನೋಡಿದೋರಿಗೆ ಗೊತ್ತು.

ಕಳಸ_ಕುದುರೆಮುಖ

ನಾನು ಗಣಿ ಬೇಕಿತ್ತು ಅಂತ ಹೇಳ್ಲಿಲ್ಲ ಸರ್. ಕಾಡು ಮತ್ತೆ ಹಬ್ಬಿರೋದು ನೋಡಿದ್ರೆ ನಂಗೂ ಖುಷಿನೇ. ಆದ್ರೆ ಅಪ್ಪ ದುಡಿದ ಜಾಗ, ಶಾಲೆಗೆ ಹೋದ ಜಾಗ, ಬಾಗಿಲು ಮುಚ್ಚಿರೋ ಮನೆಗಳ ಸಾಲು ನೋಡುವಾಗ ಹೊಟ್ಟೆ ತೊಳಸುತ್ತೆ. ಎರಡೂ ನಿಜ.

ಸಕಲೇಶಪುರ_ಸರ್ಕ್ಯೂಟ್

ಬಂದೆ. ಹುಡುಗನ ಕೆಲಸಕ್ಕೆ ಬರೋಣ.

ತಮ್ಮ, ಈಗ ಕಾಯಿಲ್ ಬಿಟ್ಟು ಒಂದು ತೆಳ್ಳಗಿನ ತಂತಿ ತಗೋ, ಅಂದ್ರೆ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಮೇಲಿನ ಒಂದು ತಾಮ್ರದ ಗೆರೆ. ತಂತಿ ಸುತ್ತ ಫೀಲ್ಡ್ ದೂರಕ್ಕೆ ತಕ್ಕಂತೆ ಕಮ್ಮಿ ಆಗುತ್ತೆ, ಅದರ ಇಳಿಜಾರು ದೂರದ ವರ್ಗಕ್ಕೆ ತಕ್ಕಂತೆ. ಎರಡನ್ನೂ ಗುಣಿಸಿದ್ರೆ ಬಲ ದೂರದ ಘನಕ್ಕೆ ತಕ್ಕಂತೆ ಬೀಳುತ್ತೆ. ಹತ್ತು ಪಟ್ಟು ದೂರ ಹೋದ್ರೆ ಸಾವಿರ ಪಟ್ಟು ಬಲ ಹೋಯ್ತು. ನೀನು 1 ಮಿ.ಮೀ ದಪ್ಪದ ಗ್ಲಾಸ್ ಸ್ಲೈಡ್ ಮೇಲೆ ಹನಿ ಇಟ್ಟಿದೀಯ, ಅದೊಂದೇ ನಿನ್ನ ಆಟ ಕೆಡಿಸುತ್ತೆ. ಆಂಪಿಯರ್ ಹಿಂದೆ ಹೋಗ್ಬೇಡ, ಹತ್ರ ಹೋಗು.

ಲೆಕ್ಕ ನೋಡು. 100 ಮಿಲಿಆಂಪಿಯರ್ ಹರಿಯೋ ಸಣ್ಣ ತಂತಿಯಿಂದ 10 ಮೈಕ್ರಾನ್ ದೂರದಲ್ಲಿ ಫೀಲ್ಡ್ ಬರೀ 2 ಮಿಲಿಟೆಸ್ಲಾ, ನಿನ್ನ ಕಾಯಿಲ್‌ಗಿಂತ ಕಮ್ಮಿ. ಆದ್ರೆ ಇಳಿಜಾರು ಒಂದು ಮೀಟರ್‌ಗೆ 200 ಟೆಸ್ಲಾ! ನಿನ್ನ ಮಣಿ ಮೇಲೆ ಸುಮಾರು 3 ರಿಂದ 4 ಪಿಕೋನ್ಯೂಟನ್ (ಒಂದು ನ್ಯೂಟನ್‌ನ ಲಕ್ಷ ಕೋಟಿಯಲ್ಲಿ ಒಂದು ಪಾಲು) ಬಲ. ಕೇಳೋಕೆ ಏನೂ ಅಲ್ಲ ಅನ್ಸುತ್ತೆ ಆದ್ರೆ ನೀರಲ್ಲಿ ಆ ಮಣಿಯ ತೂಕಕ್ಕಿಂತ ಅದು ಎಂಬತ್ತು ಪಟ್ಟು ಹತ್ರ ಹತ್ರ. ಸೆಕೆಂಡಿಗೆ ನೂರು ಮೈಕ್ರಾನ್ ಮೇಲೆ ಓಡಬೇಕು.

ಬೇಲೂರು_ಶಿಲೆ

ಲೆಕ್ಕ ಸರಿ ಇದೆ, ನಾನೂ ಮಾಡಿ ನೋಡ್ದೆ. ಆದ್ರೆ ಓಡಿಸೋದು ಮಾತ್ರ ಕಂಟ್ರೋಲ್ ಅಲ್ಲ ಅನ್ನೋದು ನನ್ನ ವಾದ. ಒಂದು ತಂತಿ ಇಟ್ರೆ ಮಣಿ ಆ ತಂತಿಗೆ ಹೋಗಿ ಅಂಟ್ಕೊಳ್ಳುತ್ತೆ. ಕರೆಂಟ್ ಉಲ್ಟಾ ಮಾಡಿದ್ರೂ ಅಂಟ್ಕೊಳ್ಳುತ್ತೆ, ಯಾಕಂದ್ರೆ ಫೀಲ್ಡ್ ತಿರುಗಿದ್ರೆ ಮಣಿಯೊಳಗಿನ ಮ್ಯಾಗ್ನೆಟಿಸಮ್ಮೂ ಅದರ ಜೊತೆ ತಿರುಗುತ್ತೆ. ಮೈನಸ್ ಇಂಟು ಮೈನಸ್. ಬರೀ ಎಳೆಯೋಕೆ ಬರುತ್ತೆ, ತಳ್ಳೋಕೆ ಬರಲ್ಲ.

ಸಕಲೇಶಪುರ_ಸರ್ಕ್ಯೂಟ್

ಅದಕ್ಕೇ ಕಾಯಿಲ್ ಬಿಸಾಕಬೇಡ ಅಂದಿದ್ದು!

ಕಾಯಿಲ್ ಜೋಡಿನ ಮಲಗಿಸಿ ಒಂದು ಮೇಲೆ ಒಂದು ಕೆಳಗೆ ಮಾಡು, ಫೀಲ್ಡ್ ನೆಟ್ಟಗೆ ಮೇಲಕ್ಕೆ ಇರ್ಲಿ. ಆ 7 ಮಿಲಿಟೆಸ್ಲಾ ಮಣಿನ ಕದಲಿಸಲ್ಲ, ಆದ್ರೆ ಮಣಿನ ಚೆನ್ನಾಗಿ ಮ್ಯಾಗ್ನೆಟ್ ಮಾಡುತ್ತೆ, ಅದೂ ನಿನ್ನ ಇಷ್ಟದ ದಿಕ್ಕಿಗೆ. ಆಮೇಲೆ ತಂತಿ ಕೊಡಬೇಕಾಗಿರೋದು ಇಳಿಜಾರು ಮಾತ್ರ. ಈಗ ಮಣಿಯ ದಿಕ್ಕು ಕಾಯಿಲ್ ಕೈಯಲ್ಲಿದೆ, ತಂತಿ ಕೈಯಲ್ಲಿಲ್ಲ, ಹಾಗಾಗಿ ತಂತಿಯ ಕರೆಂಟ್ ಉಲ್ಟಾ ಮಾಡಿದ್ರೆ ಎಳೆಯೋದು ತಳ್ಳೋದಾಗುತ್ತೆ. ಬಲ ಬೀಳೋದೂ ಘನಕ್ಕಲ್ಲ, ವರ್ಗಕ್ಕೆ. ಶಿಲೆ ಅವರೇ, ಇದನ್ನ ಒಪ್ತೀರಾ?

ಬೇಲೂರು_ಶಿಲೆ

ಒಪ್ಪಿದೆ. ಇದು ಸರಿಯಾದ ದಾರಿ.

ಹೇಮಾವತಿ_ಹುಡುಗ

ಮೈ ಜುಂ ಅಂತು ಸರ್. ಮೂರು ವಾರ ವೇಸ್ಟ್ ಆಯ್ತು ಅಂತ ರಾತ್ರಿ ನಿದ್ದೆ ಬಂದಿರ್ಲಿಲ್ಲ. ಹಾಗಾದ್ರೆ ಪಿಸಿಬಿಲಿ ಹಾವಿನ ಥರ ಅಂಕುಡೊಂಕು ಗೆರೆ ಹಾಕಿ ಕರೆಂಟ್ ಉಲ್ಟಾ ಪಲ್ಟಾ ಮಾಡ್ತಾ ಹೋದ್ರೆ ಮಣಿ ಒಂದು ಸಂದಿಯಿಂದ ಇನ್ನೊಂದು ಸಂದಿಗೆ ಹಾರ್ಕೊಂಡು ಹೋಗುತ್ತಾ?

ಸಕಲೇಶಪುರ_ಸರ್ಕ್ಯೂಟ್

ಹೋಗುತ್ತೆ, ಆದ್ರೆ ಎಡಕ್ಕೋ ಬಲಕ್ಕೋ ಅದರ ಇಷ್ಟ. ಹಾವಿನ ಗೆರೆಯಲ್ಲಿ ಪಕ್ಕ ಪಕ್ಕದ ಸಂದಿಗಳಲ್ಲಿ ಫೀಲ್ಡ್ ಒಂದು ಮೇಲಕ್ಕೆ ಒಂದು ಕೆಳಕ್ಕೆ. ಮಣಿ ಮೇಲಕ್ಕಿರೋ ಸಂದಿಯಲ್ಲಿ ಕೂತಿರುತ್ತೆ. ಕರೆಂಟ್ ಉಲ್ಟಾ ಮಾಡಿದ್ರೆ ಅದು ಕೂತಿರೋ ಜಾಗನೇ ಗುಡ್ಡದ ತುದಿ ಆಗುತ್ತೆ, ಎರಡೂ ಕಡೆ ಇಳಿಜಾರು ಸಮ. ಹಾಗಾಗಿ ಇನ್ನೊಂದು ಹಾವು ಬೇಕು, ಮೊದಲನೇದಕ್ಕಿಂತ ಕಾಲು ಹೆಜ್ಜೆ ಸರಿಸಿ. ಮೊದಲನೇ ಹಾವು ಎ, ಎರಡನೇದು ಬಿ ಅಂದ್ರೆ, ಕರೆಂಟ್ ಕೊಡೋ ಕ್ರಮ ಎ ಪ್ಲಸ್, ಬಿ ಪ್ಲಸ್, ಎ ಮೈನಸ್, ಬಿ ಮೈನಸ್. ಉಲ್ಟಾ ಕ್ರಮ ಕೊಟ್ರೆ ಮಣಿ ಹಿಂದಕ್ಕೆ ಬರುತ್ತೆ. ಸ್ಟೆಪ್ಪರ್ ಮೋಟಾರ್ ಓಡಿಸಿದ್ಯಲ್ಲ, ಅದನ್ನೇ ಬಿಚ್ಚಿ ಉದ್ದಕ್ಕೆ ಹಾಸಿದಂಗೆ. ಹಾರ್ವರ್ಡಲ್ಲಿ 2001ರಲ್ಲಿ ಇಂಥ ಅಂಕುಡೊಂಕು ತಂತಿ ಜೋಡಿ ಇಟ್ಟು ಮಣಿ ಸಾಗಿಸಿದ್ರು.

ಅರಸೀಕೆರೆ_ತೆಂಗು

ಎರಡು ಪದರದ ಪಿಸಿಬಿ ಮಾಡ್ಸಿ, ಮೇಲೆ ಒಂದು ಹಾವು ಕೆಳಗೆ ಒಂದು ಹಾವು. ಅಗ್ಗ.

ಬೇಲೂರು_ಶಿಲೆ

ಬೇಡ. ಮಾಮೂಲಿ ಬೋರ್ಡ್ 1.6 ಮಿ.ಮೀ ದಪ್ಪ. ಹಾವಿನ ಗೆರೆಯ ಫೀಲ್ಡ್ ದೂರ ಹೋದಂಗೆ ಒಂಟಿ ತಂತಿಗಿಂತ ಬೇಗ ಸಾಯುತ್ತೆ, ಯಾಕಂದ್ರೆ ಪಕ್ಕದ ಗೆರೆ ಉಲ್ಟಾ ಹರಿದು ಅಳಿಸಿಹಾಕುತ್ತೆ. 600 ಮೈಕ್ರಾನ್‌ಗೆ ಒಂದು ಸಲ ಮರುಕಳಿಸೋ ಹಾವು ಆದ್ರೆ 1.6 ಮಿ.ಮೀ ಆಚೆ ಏನೂ ಉಳಿಯಲ್ಲ, ಕೋಟಿಯಲ್ಲಿ ಒಂದು ಪಾಲು ಲೆಕ್ಕ. ಫ್ಲೆಕ್ಸ್ ಪಿಸಿಬಿ (ಬಗ್ಗೋ ತೆಳು ಬೋರ್ಡ್) ಮಾಡ್ಸು, ನಡುವಿನ ಪಾಲಿಇಮೈಡ್ ಪ್ಲಾಸ್ಟಿಕ್ ಹಾಳೆ 25 ಮೈಕ್ರಾನ್ ಇರೋದು. ಹನಿನ ನೇರ ಅದರ ಮೇಲೇ ಇಡು.

ಮತ್ತೆ ಮಾಮೂಲಿ ಮೈಕ್ರೋಸ್ಕೋಪಲ್ಲಿ ಬೆಳಕು ಕೆಳಗಿಂದ ಬರುತ್ತೆ, ತಾಮ್ರ ಅಡ್ಡ ಬಂದು ಏನೂ ಕಾಣಲ್ಲ. ನಿಮ್ಮ ಕಾಲೇಜಿನ ಮೆಕ್ಯಾನಿಕಲ್ ಡಿಪಾರ್ಟ್‌ಮೆಂಟಿನ ಮೆಟೀರಿಯಲ್ ಲ್ಯಾಬಿಗೆ ಹೋಗು, ಉಕ್ಕಿನ ತುಂಡು ನೋಡೋಕೆ ಮೆಟಲರ್ಜಿಕಲ್ ಮೈಕ್ರೋಸ್ಕೋಪ್ ಇರುತ್ತೆ, ಅದರಲ್ಲಿ ಬೆಳಕು ಮೇಲಿಂದ ಬರೋದು. ಕೇಳಿದ್ರೆ ಕೊಡ್ತಾರೆ.

ಚಿಕ್ಕಮಗಳೂರು_ಚಿಪ್

ಎಲ್ಲಾ ಓದಿದೆ. ಒಂದು ಅಭಿಪ್ರಾಯ, ಬೇಜಾರು ಮಾಡ್ಕೋಬೇಡಿ. ಇದು ಮೈಕ್ರೋಚಿಪ್ ಅಲ್ಲ, ಸರ್ಕ್ಯೂಟ್ ಬೋರ್ಡ್. ನಿಜವಾದ ಚಿಪ್ ಮಾಡೋರು ಈಗ ಕರೆಂಟ್ ತಂತಿ ದಾರಿಯಿಂದ ತುಂಬಾ ಮುಂದೆ ಹೋಗಿದಾರೆ. ಸಿಲಿಕಾನ್ ಮೇಲೆ ಪರ್ಮಲಾಯ್ (80 ಪಾಲು ನಿಕ್ಕಲ್, 20 ಪಾಲು ಕಬ್ಬಿಣ) ಅನ್ನೋ ಲೋಹದ ಸಣ್ಣ ಸಣ್ಣ ಅರ್ಧಚಂದ್ರಗಳ ಸಾಲು ಬರೀತಾರೆ, ಹೊರಗಿಂದ ಒಂದೇ ಸಮ ಫೀಲ್ಡನ್ನ ಗಡಿಯಾರದ ಮುಳ್ಳಿನ ಥರ ತಿರುಗಿಸ್ತಾರೆ. ಫೀಲ್ಡ್ ಒಂದು ಸುತ್ತು ಬಂದ್ರೆ ಮಣಿ ಒಂದು ಅರ್ಧಚಂದ್ರದಿಂದ ಮುಂದಿನದಕ್ಕೆ ದಾಟುತ್ತೆ. ಒಂದೇ ಫೀಲ್ಡಲ್ಲಿ ಸಾವಿರಾರು ಮಣಿ ಒಟ್ಟಿಗೆ ಹೆಜ್ಜೆ ಹಾಕ್ತವೆ, ಬಿಸಿ ಇಲ್ಲ. ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯ ಬೆಂಜಮಿನ್ ಯೆಲ್ಲನ್ ಮತ್ತು ಜೊತೆಯವರು 2014ರಲ್ಲಿ ಇದಕ್ಕೆ ಟ್ರಾನ್ಸಿಸ್ಟರ್ ಥರದ ಗೇಟ್ ಸೇರಿಸಿ, ಒಂದೊಂದು ಜೀವಕೋಶನ ಒಂದೊಂದು ಕೋಣೆಗೆ ಕಳಿಸಿ ಕೂರಿಸಿದ್ರು. ತಂತಿ ಬರೀ ಗೇಟಿಗೆ, ದಾರಿಗೆ ಅಲ್ಲ. ಕಲಿಯೋದಾದ್ರೆ ಇದನ್ನ ಕಲಿ.

ಸಕಲೇಶಪುರ_ಸರ್ಕ್ಯೂಟ್

ಕಲಿಯಲಿ, ಯಾರು ಬೇಡ ಅಂದ್ರು? ಆದ್ರೆ ಪರ್ಮಲಾಯ್ ಫಿಲ್ಮ್ ಕೂರಿಸೋಕೆ ಕ್ಲೀನ್‌ರೂಮ್ (ಧೂಳಿಲ್ಲದ ವಿಶೇಷ ಲ್ಯಾಬ್) ಬೇಕು, ಹಾಸನದಲ್ಲಿ ಎಲ್ಲಿದೆ? ಕೊನೇ ವರ್ಷದ ಹುಡುಗ ಮೊದಲು ತನ್ನ ಕೈಯಾರೆ ಒಂದು ಮಣಿ ಒಂದು ಹೆಜ್ಜೆ ಇಡೋದನ್ನ ನೋಡ್ಲಿ. ಬೋರ್ಡ್ ಆದ್ರೇನು, ಸಿಲಿಕಾನ್ ಆದ್ರೇನು, ಇಳಿಜಾರನ್ನ ನಡೆಸೋದು ಎರಡರಲ್ಲೂ ಒಂದೇ.

ಚಿಕ್ಕಮಗಳೂರು_ಚಿಪ್

ಬೆಂಗಳೂರಲ್ಲಿದೆ. ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ ಐಎನ್‌ಯುಪಿ ಅಂತ ಸರ್ಕಾರದ ಕಾರ್ಯಕ್ರಮ ಇದೆ, ಬೇರೆ ಕಾಲೇಜಿನೋರೂ ಅರ್ಜಿ ಹಾಕಿ ಅಲ್ಲಿನ ಯಂತ್ರಗಳಲ್ಲಿ ಕೆಲಸ ಮಾಡಬಹುದು. ಅದೇ ಕೇಂದ್ರದಲ್ಲಿ ಅಂಬರೀಶ್ ಘೋಷ್ ಅವರ ತಂಡ ಸ್ಕ್ರೂ ಆಕಾರದ ನ್ಯಾನೋ ಈಜುಗಗಳನ್ನ ತಿರುಗೋ ಫೀಲ್ಡಲ್ಲಿ ಓಡಿಸ್ತಾರೆ. ಅಲ್ಲಿ ಗ್ರೇಡಿಯೆಂಟೇ ಬೇಡ, ತಿರುಗಿದ್ರೆ ಸಾಕು, ಮರಕ್ಕೆ ಸ್ಕ್ರೂ ಇಳಿದಂಗೆ ನೀರಲ್ಲಿ ಮುಂದೆ ಹೋಗುತ್ತೆ. ಹಾಸನದ ಹುಡುಗನಿಗೆ ಇದು ದೂರ ಅಂತ ನಾವೇ ಮೊದಲೇ ಯಾಕೆ ಹೇಳ್ಬೇಕು ಅನ್ನೋದು ನನ್ನ ಕಾಳಜಿ. ನಾನು ಓದುವಾಗ ನನಗೆ ಯಾರೂ ಹೇಳಿರ್ಲಿಲ್ಲ.

ಸಕಲೇಶಪುರ_ಸರ್ಕ್ಯೂಟ್

ಇದು ಒಪ್ಪೋ ಮಾತು. ಮೊದಲು ಫ್ಲೆಕ್ಸ್, ಆಮೇಲೆ ಅರ್ಜಿ.

ಹಳೇ_ಟಂಕಶಾಲೆ

ವಯಸ್ಸಾದೋನು ಒಂದು ಮಾತು ಸೇರಿಸ್ತೀನಿ. ಈ ಪರ್ಮಲಾಯ್ ಮತ್ತು ತಿರುಗೋ ಫೀಲ್ಡ್ ಹೊಸದೇನಲ್ಲ. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಬಬಲ್ ಮೆಮರಿ ಅಂತ ಬಂದಿತ್ತು, ಬೆಲ್ ಲ್ಯಾಬ್ಸ್‌ನ ಆಂಡ್ರ್ಯೂ ಬೋಬೆಕ್ ಮೊದಲಾದವರು ಮಾಡಿದ್ದು. ಗಾರ್ನೆಟ್ ಪದರದೊಳಗೆ ಕೆಲವೇ ಮೈಕ್ರಾನ್ ಅಗಲದ ಮ್ಯಾಗ್ನೆಟಿಕ್ ಗುಳ್ಳೆ, ಗುಳ್ಳೆ ಇದ್ರೆ ಒಂದು, ಇಲ್ಲದಿದ್ರೆ ಸೊನ್ನೆ. ಮೇಲೆ ಟಿ ಆಕಾರದ ಪರ್ಮಲಾಯ್ ಸಾಲು, ಸುತ್ತ ಕಾಯಿಲ್, ಫೀಲ್ಡ್ ತಿರುಗಿದ್ರೆ ಗುಳ್ಳೆಗಳು ಸಾಲಾಗಿ ಮುಂದೆ ಹೋಗ್ತಿದ್ವು. ಇಂಟೆಲ್‌ನ 7110 ಚಿಪ್‌ನಲ್ಲಿ ಹತ್ತು ಲಕ್ಷ ಗುಳ್ಳೆಗೆ ಜಾಗ. 1982ರ ಗ್ರಿಡ್ ಕಂಪಾಸ್ ಅನ್ನೋ ಲ್ಯಾಪ್‌ಟಾಪ್‌ನಲ್ಲಿ ಇದೇ ಮೆಮರಿ ಇತ್ತು. ಹಾರ್ಡ್ ಡಿಸ್ಕ್ ಅಗ್ಗ ಆದ ಮೇಲೆ ಬಬಲ್ ಮೂಲೆಗೆ ಹೋಯ್ತು, ಎಷ್ಟು ಜನರ ಬುದ್ಧಿ ಸುರಿದ ವಿದ್ಯೆ ಹೋಯ್ತಲ್ಲ ಅಂತ ಆಗ ತುಂಬಾ ಸಂಕಟ ಆಗಿತ್ತು. ಅದೇ ಯೋಚನೆ ಈಗ ಜೀವಕೋಶ ಹೊತ್ಕೊಂಡು ಹೋಗ್ತಿದೆ ಅಂತ ಇವತ್ತು ಇಲ್ಲಿ ಓದಿ ಮನಸ್ಸು ತುಂಬಿ ಬಂತು.

ಲ್ಯಾಬ್_ಅಕ್ಕ

ನೀವು ಬರೆದದ್ದು ಓದಿ ನಂಗೂ ಹಾಗೇ ಆಯ್ತು ಸರ್.

ಹುಡುಗ, ನಿಂಗೆ ಕೆಲಸದ ಮಾತು ಎರಡು. ಮಣಿ ಬಾಟಲಿನ ಫ್ರಿಜ್‌ನಲ್ಲಿ 2 ರಿಂದ 8 ಡಿಗ್ರಿಲಿ ಇಡು, ಫ್ರೀಜರ್‌ಗೆ ಹಾಕ್ಬೇಡ, ಒಣಗೋಕೂ ಬಿಡ್ಬೇಡ. ಮತ್ತೆ ನೀರಿಗೆ ಚೂರು ಟ್ವೀನ್ 20 (ಸೋಪಿನ ಥರದ ದ್ರವ) ಹಾಕು, ಸಾವಿರಕ್ಕೆ ಒಂದು ಪಾಲು ಸಾಕು, ಇಲ್ಲಾಂದ್ರೆ ಮಣಿ ಮೇಲ್ಮೈಗೆ ಕಚ್ಕೊಂಡ್ಬಿಡುತ್ತೆ, ಆಮೇಲೆ ನಿನ್ನ ಪಿಕೋನ್ಯೂಟನ್‌ಗೆಲ್ಲಾ ಅದು ಬಗ್ಗಲ್ಲ. ಉಪ್ಪಿನಂಶ ಇರೋ ನೀರಲ್ಲಿ ಇನ್ನೂ ಜಾಸ್ತಿ ಕಚ್ಚುತ್ತೆ. ಡಿಸ್ಟಿಲ್ಡ್ ವಾಟರೇ ತಗೋ.

ಹೇಮಾವತಿ_ಹುಡುಗ

ಎಲ್ರಿಗೂ ಮತ್ತೆ ನಮಸ್ಕಾರ. ಐದು ವಾರ ಆಯ್ತು. ಇವತ್ತು ಬೆಳಿಗ್ಗೆ ಆಗಿದ್ದನ್ನ ಮೊದಲು ಇಲ್ಲೇ ಹೇಳ್ಬೇಕು ಅಂತ ಬಂದೆ.

ಫ್ಲೆಕ್ಸ್ ಬೋರ್ಡ್ ಮಾಡಿಸಿದೆ. ಗೆರೆ 150 ಮೈಕ್ರಾನ್, ಸಂದಿ 150 ಮೈಕ್ರಾನ್, ಎರಡು ಪದರ, ಕಾಲು ಹೆಜ್ಜೆ ಸರಿಸಿ. ಮೆಕ್ಯಾನಿಕಲ್ ಲ್ಯಾಬಿನ ಸರ್ ಕೇಳಿದ ಕೂಡಲೇ ಮೈಕ್ರೋಸ್ಕೋಪ್ ಬಿಟ್ಕೊಟ್ರು, ಶನಿವಾರ ಬಂದು ಬೀಗನೂ ತೆಗೆದ್ರು. ಮೊದಲ ದಿನ 1 ಆಂಪಿಯರ್ ಬಿಟ್ಟೆ, ಹನಿ ಬಿಸಿಯಾಗಿ ಅಂಚಿಂದ ಒಣಗೋಕೆ ಶುರು ಆಗಿ ಒಳಗಿನ ನೀರೇ ಹರಿದು ಮಣಿಗಳೆಲ್ಲಾ ಎಲ್ಲೆಲ್ಲಿಗೋ ಹೋದ್ವು. ಮಾರನೇ ದಿನ ಫ್ಲೆಕ್ಸ್ ಕೆಳಗೆ ಅಲ್ಯೂಮಿನಿಯಂ ತುಂಡು ಇಟ್ಟೆ, ಹನಿ ಮೇಲೆ ಕವರ್‌ಸ್ಲಿಪ್ ಮುಚ್ಚಿ ಸುತ್ತ ನೈಲ್ ಪಾಲಿಶ್ ಹಚ್ಚಿದೆ, ಕರೆಂಟ್ 0.4ಕ್ಕೆ ಇಳಿಸಿದೆ. ಕೆಳಗಿನ ಹಾವು ಸ್ವಲ್ಪ ಆಳದಲ್ಲಿದೆ ಅಂತ ಅದಕ್ಕೆ ಮಾತ್ರ 0.5.

ಕಾಯಿಲ್ ಆನ್ ಮಾಡಿದ ಕೂಡಲೇ ಕಂಡಿದ್ದು ನಾನು ಮರೆಯಲ್ಲ. ಕಾಯಿಲ್ ಅಡ್ಡ ಇದ್ದಾಗ ಸರ ಆಗ್ತಿದ್ದ ಮಣಿಗಳು ಈಗ ಒಂದನ್ನೊಂದು ದೂರ ತಳ್ಳಿಕೊಂಡು, ಅಮ್ಮ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಚುಕ್ಕಿ ಇಟ್ಟ ಹಾಗೆ ಹರಡಿಕೊಂಡ್ವು. ಎ ಪ್ಲಸ್ ಕೊಟ್ಟೆ, ಎಲ್ಲಾ ಒಂದು ಬಿಟ್ಟು ಒಂದು ಸಂದಿಗೆ ಸೇರಿದ್ವು. ಬಿ ಪ್ಲಸ್ ಕೊಟ್ಟೆ. ಎರಡು ಸೆಕೆಂಡ್ ಏನೂ ಆಗ್ಲಿಲ್ಲ ಅನ್ಸ್ತು, ಆಮೇಲೆ ಇಡೀ ಸಾಲು ಬಲಕ್ಕೆ ಜರುಗಿತು. 150 ಮೈಕ್ರಾನ್‌ಗೆ 5-6 ಸೆಕೆಂಡ್. ಉಲ್ಟಾ ಕ್ರಮ ಕೊಟ್ರೆ ವಾಪಸ್ ಬಂತು. ಕರೆಂಟ್ ತೆಗೆದ್ರೆ ಅಲ್ಲೇ ನಿಂತು ಜುಮು ಜುಮು ಅಂತ ನಡುಗ್ತಾ ಇರುತ್ತೆ, ಅದು ಬ್ರೌನಿಯನ್ ಚಲನೆ ತಾನೇ? ನಮ್ಮ ನಾಲ್ಕೂ ಜನ ಕಿರುಚಾಡಿದ್ವಿ, ಪಕ್ಕದ ಲ್ಯಾಬಿನೋರು ಓಡಿ ಬಂದು ನೋಡಿದ್ರು.

ಒಂದು ಪ್ರಶ್ನೆ ಉಳಿದಿದೆ. ಹೆಜ್ಜೆನ 2 ಸೆಕೆಂಡಿಗೆ ಇಳಿಸಿದ್ರೆ ಮುಂದೆ ಹೋಗೋದೇ ಇಲ್ಲ, ಇದ್ದಲ್ಲೇ ಹಿಂದೆ ಮುಂದೆ ಅಲ್ಲಾಡುತ್ತೆ. ಏನು ಕಾರಣ?

ಮೂಡಿಗೆರೆ_ಮಳೆ

ಭೇಷ್!

ಬೇಲೂರು_ಶಿಲೆ

ಶಾಬಾಶ್ ಹುಡುಗ. ಹೌದು, ಅದು ಬ್ರೌನಿಯನ್ನೇ, ನೀರಿನ ಅಣುಗಳು ಎಲ್ಲಾ ಕಡೆಯಿಂದ ಗುದ್ದೋದ್ರಿಂದ ಬರೋ ನಡುಕ, ನಿನ್ನ ಮಣಿಯಷ್ಟು ಗಾತ್ರದ್ದು ಸೆಕೆಂಡಿಗೆ ಅರ್ಧ ಮೈಕ್ರಾನ್ ಆಚೀಚೆ ಅಲೆಯುತ್ತೆ.

ನಿನ್ನ ಪ್ರಶ್ನೆಗೆ: ನಮಗೆ ನೀರು ನೀರು, ಆ ಮಣಿಗೆ ನೀರು ಜೋನಿಬೆಲ್ಲ. ಅದಕ್ಕೆ ಜಡತ್ವ ಅನ್ನೋದೇ ಇಲ್ಲ ಅಂದ್ಕೋ. ಸೆಕೆಂಡಿಗೆ ನೂರು ಮೈಕ್ರಾನ್ ಓಡ್ತಿರೋ ಮಣಿಗೆ ಬಲ ತೆಗೆದ್ರೆ ಒಂದು ಪರಮಾಣುವಿನ ಅಗಲಕ್ಕಿಂತ ಕಮ್ಮಿ ದೂರದಲ್ಲಿ ನಿಂತುಬಿಡುತ್ತೆ. ಹಾಗಾಗಿ ವೇಗ ಅಂದ್ರೆ ಆ ಕ್ಷಣದ ಬಲ, ಅಷ್ಟೇ. ನೀನು 2 ಸೆಕೆಂಡಿಗೆ ಹೆಜ್ಜೆ ಬದಲಾಯಿಸಿದ್ರೆ ಮಣಿ ಅರ್ಧ ದಾರಿಲಿ ಇರುವಾಗ ಇಳಿಜಾರು ಮುಂದೆ ಹೋಗಿರುತ್ತೆ, ಇನ್ನೆರಡು ಹೆಜ್ಜೆಗೆ ಅದೇ ಇಳಿಜಾರು ಹಿಂದಕ್ಕೆ ಎಳೆಯುತ್ತೆ. ಪರ್ಮಲಾಯ್ ಚಿಪ್‌ನಲ್ಲೂ ಹೀಗೇ ಒಂದು ಮಿತಿ ಇದೆ, ಕ್ರಿಟಿಕಲ್ ಫ್ರೀಕ್ವೆನ್ಸಿ ಅಂತಾರೆ, ಅದರ ಮೇಲೆ ಹೋದ್ರೆ ಮಣಿ ಲಯ ತಪ್ಪುತ್ತೆ. ಆ ಮಿತಿ ಮಣಿಯ ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ, ಹಾಗಾಗಿ ಅದನ್ನೇ ಬಳಸಿ ಎರಡು ಗಾತ್ರದ ಮಣಿ ಬೇರ್ಪಡಿಸಬಹುದು, ಒಂದು ಮುಂದೆ ಹೋಗುತ್ತೆ, ಇನ್ನೊಂದು ಇದ್ದಲ್ಲೇ ಅಲ್ಲಾಡುತ್ತೆ. ನಿನ್ನ ಹತ್ರ 1 ಮೈಕ್ರಾನ್ ಮಣಿ ಇದ್ರೆ ನಾಳೆನೇ ಟ್ರೈ ಮಾಡು.

ಲ್ಯಾಬ್_ಅಕ್ಕ

1 ಮೈಕ್ರಾನ್‌ದು ನಾನು ಕೊಡಿಸ್ತೀನಿ. ನಮ್ಮಲ್ಲಿ ಅವಧಿ ಮುಗಿದ ಕಿಟ್ ಇರ್ತವೆ, ಟೆಸ್ಟಿಗೆ ಬರಲ್ಲ ಆದ್ರೆ ಓಡಿಸೋಕೆ ಏನೂ ತೊಂದ್ರೆ ಇಲ್ಲ. ಮೇಲಿನೋರ ಒಪ್ಪಿಗೆ ಕೇಳಿ ಹೇಳ್ತೀನಿ, ಬರುವಾಗ ಐಸ್ ಪ್ಯಾಕ್ ಡಬ್ಬಿ ತಗೊಂಡು ಬಾ.

ಚಿಕ್ಕಮಗಳೂರು_ಚಿಪ್

ಐಎನ್‌ಯುಪಿ ಅರ್ಜಿಗೆ ಈ 5-6 ಸೆಕೆಂಡಿನ ವೀಡಿಯೋ ಸಾಕು, ಜೊತೆಗೆ ಹೆಜ್ಜೆ ಸಮಯ ಬದಲಾಯಿಸಿ ಅಳೆದ ಒಂದು ಗ್ರಾಫ್ ಹಾಕು. ಬರೆಯೋಕೆ ಕೂತಾಗ ಹೇಳು, ನಾನು ಓದಿ ತಿದ್ದಿ ಕೊಡ್ತೀನಿ.

ಹೇಮಾವತಿ_ಹುಡುಗ

ಖಂಡಿತ ಸರ್. ಅಕ್ಕ, ಡಬ್ಬಿ ರೆಡಿ. ಬೋರ್ಡಿನ ಗರ್ಬರ್ ಫೈಲು (ಬೋರ್ಡ್ ಮಾಡೋರಿಗೆ ಕೊಡೋ ನಕ್ಷೆ), ಕಾಯಿಲ್ ಅಳತೆ, ಕೋಡ್ ಎಲ್ಲಾ ಭಾನುವಾರ ಇಲ್ಲೇ ಹಾಕ್ತೀನಿ, ಮುಂದಿನ ವರ್ಷದೋರು ಮೊದಲಿಂದ ಕಾಯಿಲ್ ಸುತ್ತೋದು ಬೇಡ.